ಕಾಳಿ ಕಣಿವೆಯ ಊರುಗಳು: ನಮ್ಮ ಅಧ್ಯಯನ ಪ್ರವಾಸ

ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ಇತಿಹಾಸದ ಸರ್ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದರು: "ನೀರಿನಡಿ ಹೋದ ಊರಿನ ಇತಿಹಾಸ ಹೇಗೆ ಬರೆಯುತ್ತೀರಿ?" ಅವರು ಹೇಳಿದ್ದು ಹಳೆಯ ಸೂಪಾದ ಬಗ್ಗೆ. ಅದು ನನ್ನ ನಾನಿ ಹುಟ್ಟಿದ ಊರು.

ಕಾಳಿ ನದಿ ಜೋಯಿಡಾ ತಾಲೂಕಿನ ದಿಗ್ಗಿಯಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಸಮುದ್ರ ಸೇರುತ್ತದೆ. ನಮ್ಮ ಬಸ್ಸು ಬೆಳಿಗ್ಗೆ ಹಳಿಯಾಳದಿಂದ ಹೊರಟಿತು. ಹಳಿಯಾಳ ಸೀಮೆಯ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಇಂದು ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ದಾಂಡೇಲಿಯನ್ನು ಬೆಳೆಸಿದ್ದು ಕಾಡಿನ ಮರ, ಬಿದಿರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಪ್ರವಾಸದ ಕೊನೆಯ ಊರು ಉಳವಿ. ಅಲ್ಲಿ 12ನೇ ಶತಮಾನದ ಶರಣ ಚನ್ನಬಸವಣ್ಣನವರ ಸಮಾಧಿಯಿದೆ. ಕಲ್ಯಾಣದಲ್ಲಿ ಗಲಭೆಯಾದಾಗ ಶರಣರಿಗೆ ಆಸರೆ ಕೊಟ್ಟದ್ದು ಈ ಕಾಡು.

ದಾಂಡೇಲಿಗೂ ಉಳವಿಗೂ ನಡುವೆ ಗಣೇಶಗುಡಿ. ಅಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. 1974ರಲ್ಲಿ ಶುರುವಾದ ಕೆಲಸ 1987ರಲ್ಲಿ ಮುಗಿಯಿತು. ಇಲ್ಲಿ ನಿಂತ ನೀರಿನಿಂದ ಇಲ್ಲಿಯೂ, ಕೆಳಗೆ ನಾಗಝರಿಯಲ್ಲಿಯೂ ವಿದ್ಯುತ್ ತಯಾರಾಗುತ್ತದೆ. ಕಾಳಿ ಮತ್ತು ಪಾಂಡ್ರಿ ನದಿಗಳ ಸಂಗಮದಲ್ಲಿದ್ದ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಅನೇಕ ಕುಟುಂಬಗಳಿಗೆ ರಾಮನಗರದಲ್ಲಿ ಜಾಗ ಸಿಕ್ಕಿತು. ನಾನಿಯ ಮನೆಯವರು ದಾಂಡೇಲಿಗೆ ಬಂದರು.

ಸರ್ ಕೇಳಿದ ಪ್ರಶ್ನೆಯನ್ನು ಆ ರಾತ್ರಿಯೇ ನಾನಿಯ ಮುಂದಿಟ್ಟಿದ್ದೆ. ನಾನಿಗೆ ಓದು ಬರಹ ಬರುವುದಿಲ್ಲ. ಆದರೂ ಅವರು ಹೇಳುತ್ತಾ ಹೋದರು, ನಾನು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದೆ: ಹೊಳೆ, ಸಂತೆ ಕೂಡುವ ಜಾಗ, ಮಸೀದಿ, ಹಲಸಿನ ಮರವಿದ್ದ ಮನೆ. ಕೊನೆಗೆ ಒಂದು ಮೂಲೆಯಲ್ಲಿ ಬೆರಳಿಟ್ಟು, "ಇಲ್ಲಿ ನಮ್ಮ ಅಬ್ಬಾನ ಕಬರ್" ಎಂದರು. ಅದುವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಆ ಮಾತು ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹಿನ್ನೀರಿನ ದಡದಲ್ಲಿ ನಿಂತು ಆ ನಕ್ಷೆ ತೆಗೆದೆ. ಕಂಡದ್ದು ನೀರು ಮತ್ತು ಗುಡ್ಡ ಮಾತ್ರ. ಗೆಳತಿಯರೂ ಸುಮ್ಮನೆ ನಿಂತರು. ಅಲ್ಲೇ ಫಾತಿಹಾ ಓದಿದೆ. ಮನೆಗೆ ಬಂದು ಹೇಳಿದಾಗ ನಾನಿ ಕೇಳಿದ್ದು ಒಂದೇ: "ನೀರು ತುಂಬಾ ಇತ್ತಾ?"

ನಾನು ಕಲಿತದ್ದು ಇಷ್ಟು. ಉಳವಿಯ ಇತಿಹಾಸಕ್ಕೆ ಸಮಾಧಿ, ಗುಡಿ, ವಚನಗಳಿವೆ. ಅಣೆಕಟ್ಟಿಗೆ ಸರ್ಕಾರದ ದಾಖಲೆಗಳಿವೆ. ಸೂಪಾದ ಮನೆ, ಮರ, ಕಬರ್‌ಗಳಿಗೆ ಉಳಿದಿರುವ ಆಧಾರ ನಮ್ಮ ಹಿರಿಯರ ನೆನಪು. ಅವರಿಗೂ ವಯಸ್ಸಾಗುತ್ತಿದೆ.

ಆದ್ದರಿಂದ ಗೆಳೆಯ ಗೆಳತಿಯರೇ, ಈ ರಜೆಯಲ್ಲಿ ನಿಮ್ಮ ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ: ಎಲ್ಲಿ ಹುಟ್ಟಿದಿರಿ? ಆ ಊರಲ್ಲಿ ಏನೇನಿತ್ತು? ಯಾಕೆ ಬಿಟ್ಟು ಬಂದಿರಿ? ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡಿ, ತಾರೀಕು ಹಾಕಿ.