ಅಪಘಾತದ ನಂತರದ ದಿನಗಳು: ಹಣದ ಚಿಂತೆ ಮತ್ತು ಮನಸ್ಸಿನ ಬಳಲಿಕೆ

ರಸ್ತೆ ಅಪಘಾತದ ಸುದ್ದಿ ವೃತ್ತಪತ್ರಿಕೆಯಲ್ಲಿ ನಾಲ್ಕು ಸಾಲುಗಳಿಗೆ ಮುಗಿಯುತ್ತದೆ. ಅದಕ್ಕೀಡಾದ ಕುಟುಂಬದ ಕಷ್ಟ ಆರಂಭವಾಗುವುದು ಅಲ್ಲಿಂದ ಮುಂದೆ. 2022ನೆಯ ವರ್ಷದಲ್ಲಿ ದೇಶದ ರಸ್ತೆಗಳ ಮೇಲೆ 4,61,312 ಅಪಘಾತಗಳು ಸಂಭವಿಸಿ 1,68,491 ಜನರು ಮೃತಪಟ್ಟರು. 4,43,366 ಜನರು ಗಾಯಗೊಂಡರು. ಗಾಯಗೊಂಡು ಮನೆಗೆ ಮರಳಿದವರಿಗೆ ಮುಂದೇನಾಯಿತು ಎಂಬುದನ್ನು ಈ ಅಂಕಿ ಅಂಶಗಳು ತಿಳಿಸುವುದಿಲ್ಲ. ಮುರಿದ ಮೂಳೆ ಕೆಲವು ತಿಂಗಳುಗಳಲ್ಲಿ ಕೂಡಿಕೊಳ್ಳಬಹುದು. ಆ ತಿಂಗಳುಗಳ ಮನೆಬಾಡಿಗೆ, ಮಕ್ಕಳ ಶಾಲಾ ಶುಲ್ಕ, ಸಾಲದ ಕಂತು ಇವು ಮೂಳೆ ಕೂಡುವವರೆಗೆ ಕಾಯುವುದಿಲ್ಲ.

ಹಣದ ಚಿಂತೆಗೆ ವಕೀಲರು, ಮನಸ್ಸಿನ ಬಳಲಿಕೆಗೆ ವೈದ್ಯರು ಎಂದು ಇವೆರಡನ್ನೂ ಬೇರೆ ಬೇರೆಯಾಗಿ ಕಾಣುವುದು ವಾಡಿಕೆ. ಅನುಭವದಲ್ಲಿ ಇವು ಒಂದನ್ನೊಂದು ಬೆಳೆಸುತ್ತವೆ. ನಿದ್ರೆಯಿಲ್ಲದೆ ಬಳಲಿದವನು ಮುಂದಿಟ್ಟ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕುತ್ತಾನೆ. ಆ ಸಹಿಯಿಂದಾದ ನಷ್ಟ ಉಳಿದ ನಿದ್ರೆಯನ್ನೂ ಕೆಡಿಸುತ್ತದೆ. ಆದುದರಿಂದ ಎರಡನ್ನೂ ಒಟ್ಟಿಗೆ ವಿಚಾರಿಸುವುದು ಯುಕ್ತ.

ಒಂದು ಕುಟುಂಬದ ಉದಾಹರಣೆ

ಉಡುಪಿ ಜಿಲ್ಲೆಯಿಂದ ಬಂದು ಮುಂಬಯಿಯ ಉಪನಗರವೊಂದರ ಹೋಟೆಲಿನಲ್ಲಿ ಅಡುಗೆಯ ಕೆಲಸ ಮಾಡುವ 38 ವರ್ಷದ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಬಹುದು. ಆತನ ತಿಂಗಳ ಸಂಪಾದನೆ 15,000 ರೂಪಾಯಿ. ಊರಿನ ಜಾತ್ರೆಗೆಂದು ಬಂಧುಗಳ ಕಾರಿನಲ್ಲಿ ಹೊರಟಾಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕರ್ನಾಟಕದ ಗಡಿ ದಾಟಿದ ಮೇಲೆ, ಎದುರಿನಿಂದ ಬಂದ ಲಾರಿ ಡಿಕ್ಕಿ ಹೊಡೆಯುತ್ತದೆ. ಆತನ ತೊಡೆಯ ಮೂಳೆ ಮುರಿಯುತ್ತದೆ. ಶಸ್ತ್ರಚಿಕಿತ್ಸೆಯ ಮುಂಗಡಕ್ಕೆ ಹೆಂಡತಿಯ ಬಳೆಗಳು ಅಡವು ಹೋಗುತ್ತವೆ. ಭಾವಮೈದುನ ಕೈಸಾಲ ಕೊಡುತ್ತಾನೆ. ಆಸ್ಪತ್ರೆಯ ಬಾಗಿಲಲ್ಲಿ ಅಪರಿಚಿತನೊಬ್ಬ ಖಾಲಿ ನಮೂನೆಗಳನ್ನು ಹಿಡಿದು ನಿಂತು, ಸಹಿ ಹಾಕಿದರೆ ವಿಮೆಯ ಹಣ ಬೇಗ ಬರುವಂತೆ ನೋಡಿಕೊಳ್ಳುವುದಾಗಿಯೂ ಬಂದದ್ದರಲ್ಲಿ ಒಂದು ಪಾಲು ಕೊಟ್ಟರೆ ಸಾಕೆಂದೂ ಹೇಳುತ್ತಾನೆ.

ಮೂರು ವಾರಗಳ ನಂತರ ದಂಪತಿಗಳು ಮುಂಬಯಿಗೆ ಮರಳುತ್ತಾರೆ. ಎಷ್ಟು ಸಾಲವಾಯಿತೆಂದು ಆಕೆ ಹೇಳುವುದಿಲ್ಲ, ಆತ ನೊಂದುಕೊಳ್ಳಬಾರದೆಂದು. ಆತ ಕೇಳುವುದಿಲ್ಲ, ಆಕೆ ಅಳಬಾರದೆಂದು. ರಾತ್ರಿ ಒಂದೇ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತ ಮಲಗಿರುತ್ತಾರೆ. ಇಬ್ಬರ ಲೆಕ್ಕವೂ ತಪ್ಪಿರುತ್ತದೆ. ಇಂಥ ಮೌನವು ಪ್ರೀತಿಯಿಂದಲೇ ಹುಟ್ಟಿದುದಾದರೂ ಅದರಿಂದ ಚಿಂತೆ ಇಮ್ಮಡಿಯಾಗುತ್ತದೆ. ತಿಳಿದ ಸಾಲಕ್ಕಿಂತ ತಿಳಿಯದ ಸಾಲ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ.

ಈ ಮನೆಯಲ್ಲಿ ಮೊದಲು ಆಗಬೇಕಾದ ಕೆಲಸ ಬಹಳ ಸಾಧಾರಣವಾದುದು. ಹಗಲು ಹೊತ್ತಿನಲ್ಲಿ, ನಂಬಿಕೆಯ ಮೂರನೆಯವರೊಬ್ಬರನ್ನು ಕೂರಿಸಿಕೊಂಡು, ಒಂದು ನೋಟು ಪುಸ್ತಕದಲ್ಲಿ ಎಲ್ಲವನ್ನೂ ಬರೆಯತಕ್ಕದ್ದು. ಈ ತಿಂಗಳು ತಪ್ಪದೆ ಕೊಡಬೇಕಾದುದು ಒಂದು ಪುಟ. ಕೇಳಿಕೊಂಡರೆ ಕಾಯುವವರಿಗೆ ಕೊಡಬೇಕಾದುದು ಇನ್ನೊಂದು ಪುಟ. ಬರಬೇಕಾದುದು, ಬರಬಹುದಾದುದು ಮೂರನೆಯ ಪುಟ. ರಾತ್ರಿಯ ವೇಳೆ ಹಣದ ಯಾವ ನಿರ್ಧಾರವನ್ನೂ ಕೈಗೊಳ್ಳದಿರುವುದು ಲೇಸು. ಬ್ಯಾಂಕಿನ ಸಾಲವಿದ್ದರೆ ಕಂತು ತಪ್ಪುವ ಮೊದಲೇ ಆಸ್ಪತ್ರೆಯ ದಾಖಲೆಯೊಡನೆ ಶಾಖೆಗೆ ಲಿಖಿತ ಮನವಿ ಕೊಡಬೇಕು; ಕಂತು ತಪ್ಪಿದ ಮೇಲೆ ಹೇಳುವ ಕಾರಣಕ್ಕೆ ಅಷ್ಟು ಬೆಲೆಯಿರುವುದಿಲ್ಲ. ಸಾಲ ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು ಅಥವಾ ಸಂಜೆ 7ರ ನಂತರ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್ ತಿಂಗಳ ಸುತ್ತೋಲೆಯಲ್ಲಿ ತಿಳಿಸಿದೆ.

ಮೂರನೆಯ ಪುಟ

ಬರಬೇಕಾದ ಹಣದ ಪುಟವನ್ನು ಬಹುತೇಕ ಕುಟುಂಬಗಳು ಖಾಲಿ ಬಿಡುತ್ತವೆ. ಅದರಲ್ಲಿ ಬರೆಯಲು ಏನೂ ಇಲ್ಲವೆಂದಲ್ಲ. ಏನಿದೆಯೆಂದು ಯಾರೂ ಹೇಳಿರುವುದಿಲ್ಲ.

ಚಿಕಿತ್ಸೆಯ ವೆಚ್ಚವನ್ನು ಮೊದಲು ನೋಡಬಹುದು. ಕೇಂದ್ರ ಸರ್ಕಾರವು 2025ರ ಮೇ 5ರಂದು ಪ್ರಕಟಿಸಿದ ಯೋಜನೆಯ ಪ್ರಕಾರ ಮೋಟಾರು ವಾಹನ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದು ರಹಿತ ಚಿಕಿತ್ಸೆ ದೊರೆಯುತ್ತದೆ. ತುರ್ತು ಕರೆಯ ಸಂಖ್ಯೆ 112. ತಮಿಳುನಾಡಿನಲ್ಲಿ 2021ರ ಡಿಸೆಂಬರಿನಿಂದ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು ಸರ್ಕಾರವೇ ವಹಿಸಿಕೊಳ್ಳುವ ಯೋಜನೆಯಿದ್ದು, ಅಲ್ಲಿ ಗಾಯಗೊಂಡವರು ಯಾವ ರಾಜ್ಯದವರೆಂಬ ಭೇದವಿಲ್ಲ. ಮುಂಬಯಿ, ಪುಣೆಗಳಲ್ಲಿ ನೆಲೆಸಿದವರು ತಿಳಿದಿರಬೇಕಾದ ಮತ್ತೊಂದು ಸಂಗತಿಯೆಂದರೆ, ಮಹಾರಾಷ್ಟ್ರದ ಧರ್ಮಾದಾಯ ಆಸ್ಪತ್ರೆಗಳು ಶೇಕಡಾ 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನೂ ಶೇಕಡಾ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿಯೂ ಕಾದಿರಿಸಬೇಕು. ಇದಕ್ಕೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಾಣಬೇಕು. ಕೇಳಲು ಸಂಕೋಚಪಟ್ಟವರಿಗೆ ಇದು ದೊರೆಯುವುದು ಕಷ್ಟ.

ಅನಂತರ ಗಾಯಾಳುವಿನ ಬ್ಯಾಂಕ್ ಪಾಸ್‌ಪುಸ್ತಕವನ್ನು ತೆರೆದು ನೋಡಬೇಕು. ವರ್ಷಕ್ಕೊಮ್ಮೆ 20 ರೂಪಾಯಿ, 2022ರ ಜೂನ್‌ಗೆ ಮೊದಲಾದರೆ 12 ರೂಪಾಯಿ, ಖಾತೆಯಿಂದ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತಾಗಿರುವ ಸಂಭವ ಹೆಚ್ಚು. ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವಿಕಲತೆ ಉಂಟಾದರೆ 2 ಲಕ್ಷ, ಶಾಶ್ವತ ಭಾಗಶಃ ಅಂಗವಿಕಲತೆಗೆ 1 ಲಕ್ಷ ರೂಪಾಯಿಗಳು ಇದರಿಂದ ಬರುತ್ತವೆ. ವಾಹನದ ಮಾಲಿಕನೇ ಚಾಲಕನಾಗಿದ್ದ ಪಕ್ಷದಲ್ಲಿ ಆತನ ಹೆಸರಿನಲ್ಲಿ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯಿದೆಯೇ ಎಂದು ವಿಚಾರಿಸತಕ್ಕದ್ದು. ಇ.ಎಸ್.ಐ. ವಿಮೆಗೆ ಒಳಪಟ್ಟ ಕಾರ್ಮಿಕನು ಕೆಲಸಕ್ಕೆ ಹೋಗುವಾಗ ಅಥವಾ ಮರಳುವಾಗ ಗಾಯಗೊಂಡಿದ್ದರೂ ಕೆಲಸ ಮಾಡಲಾಗದ ದಿನಗಳಿಗೆ ವೇತನದ ಶೇಕಡಾ 90ರ ದರದಲ್ಲಿ ಭತ್ಯೆ ಪಡೆಯಬಹುದು.

ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಪರಿಹಾರವೇ ಇಲ್ಲವೆಂಬ ಭಾವನೆ ಜನರಲ್ಲಿದೆ. ಇದು ಸರಿಯಲ್ಲ. 2022ರ ಏಪ್ರಿಲ್ 1ರಿಂದ ಇಂಥ ಪ್ರಕರಣಗಳಲ್ಲಿ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಗಳು ಸಲ್ಲುತ್ತವೆ. ಅಪಘಾತ ನಡೆದ ತಾಲ್ಲೂಕಿನ ತಹಸೀಲ್ದಾರರು ಅಥವಾ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು.

ಪರಿಹಾರದ ದಾವೆ

ಮೋಟಾರು ವಾಹನ ಕಾಯ್ದೆ, 1988ರ 166ನೆಯ ಕಲಮಿನ ಪ್ರಕಾರ ಗಾಯಾಳು ಅಥವಾ ಮೃತನ ಅವಲಂಬಿತರು ಪರಿಹಾರ ಕೋರಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಹೊರನಾಡಿನ ಕನ್ನಡಿಗರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಅಪಘಾತ ನಡೆದ ಸ್ಥಳದ ನ್ಯಾಯಾಧಿಕರಣಕ್ಕೇ ಹೋಗಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರನು ವಾಸಿಸುವ ಊರಿನಲ್ಲಿಯೇ ದಾವೆ ಹೂಡಬಹುದು. ಮೇಲೆ ಹೇಳಿದ ಅಡುಗೆಯವನು ಪ್ರತಿ ವಿಚಾರಣೆಗೂ ಊರುಗೋಲು ಹಿಡಿದು ಕರ್ನಾಟಕಕ್ಕೆ ಪ್ರಯಾಣ ಮಾಡಬೇಕಾಗಿಲ್ಲ. ಆದರೆ ಪೊಲೀಸರ ದಾಖಲೆಗಳು ಕನ್ನಡದಲ್ಲಿರುವುದರಿಂದ ಅವುಗಳ ದೃಢೀಕೃತ ಭಾಷಾಂತರ ಬೇಕಾಗುತ್ತದೆ. ಊರಿನ ಕನ್ನಡ ಸಂಘದಲ್ಲಿ ವಿಚಾರಿಸಿದರೆ ಈ ಕೆಲಸ ಬಲ್ಲವರು ಸಿಗುವುದುಂಟು.

ಅರ್ಜಿ ಸಲ್ಲಿಸಲು ಅಪಘಾತದ ದಿನದಿಂದ ಆರು ತಿಂಗಳ ಅವಧಿಯನ್ನು 2022ರ ಏಪ್ರಿಲ್‌ನಿಂದ ಮತ್ತೆ ಗೊತ್ತುಪಡಿಸಲಾಗಿದೆ. ಈ ನಿಯಮವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿರುವುದರಿಂದ ಅವಧಿ ಮೀರಿದವರು ಆಶೆ ಬಿಡದೆ ವಕೀಲರನ್ನು ಕಾಣಬಹುದು. ಅವಧಿ ಉಳಿದಿರುವವರು ಮಾತ್ರ ಇದನ್ನೇ ನೆಪಮಾಡಿಕೊಂಡು ತಡಮಾಡಬಾರದು. ಪ್ರಥಮ ವರ್ತಮಾನ ವರದಿಯ ಪ್ರತಿ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ, ಔಷಧಿಯ ಮೂಲ ರಶೀದಿಗಳು, ಆಟೋರಿಕ್ಷಾ ಬಾಡಿಗೆಯ ಟಿಪ್ಪಣಿಗಳು, ಶುಶ್ರೂಷೆಗಾಗಿ ಕೆಲಸ ಬಿಟ್ಟು ನಿಂತವರು ಕಳೆದುಕೊಂಡ ಕೂಲಿಯ ವಿವರ ಎಲ್ಲವೂ ಒಂದೇ ಕಡೆ ಇರಬೇಕು. ಸಂಬಳದ ಚೀಟಿ ಇಲ್ಲದ ಹೋಟೆಲ್ ಕೆಲಸಗಾರ ಮಾಲಿಕರಿಂದ ಒಂದು ಪತ್ರ ಬರೆಸಿಕೊಳ್ಳುವುದು ಉತ್ತಮ.

ಪರಿಹಾರದ ಮೊತ್ತ ನ್ಯಾಯಾಧೀಶರ ಮನಸ್ಸಿಗೆ ತೋರಿದಷ್ಟು ಎಂದು ತಿಳಿದವರು ಅನೇಕರು. ವಾಸ್ತವವಾಗಿ ಅದಕ್ಕೊಂದು ಲೆಕ್ಕವಿದೆ. ಸರ್ವೋಚ್ಚ ನ್ಯಾಯಾಲಯದ 2009ರ ಮತ್ತು 2017ರ ತೀರ್ಪುಗಳು ಅದನ್ನು ಸ್ಪಷ್ಟಪಡಿಸಿವೆ. ಅಡುಗೆಯವನ ವರ್ಷದ ಆದಾಯ 1,80,000 ರೂಪಾಯಿ. 40 ವರ್ಷದೊಳಗಿನ, ಕಾಯಂ ಅಲ್ಲದ ಕೆಲಸದವನಾದುದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕಾಗಿ ಶೇಕಡಾ 40 ಸೇರಿಸಿದರೆ 2,52,000. ಆತನ ವಯಸ್ಸಿಗೆ ಅನ್ವಯಿಸುವ ಗುಣಕ 15, ಗುಣಿಸಿದರೆ 37,80,000. ಗಳಿಸುವ ಶಕ್ತಿ ಶೇಕಡಾ 30ರಷ್ಟು ಕುಂದಿದೆಯೆಂದು ತೀರ್ಮಾನವಾದರೆ ಆ ಬಾಬಿನಲ್ಲಿ ಮಾತ್ರವೇ 11,34,000 ರೂಪಾಯಿ. ಚಿಕಿತ್ಸೆಯ ವೆಚ್ಚ, ಅನುಭವಿಸಿದ ನೋವು, ಮಲಗಿದ್ದ ತಿಂಗಳುಗಳ ಸಂಬಳ ಇವೆಲ್ಲ ಇದರ ಮೇಲೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದವನಿಗೆ ಖಾಲಿ ಕಾಗದದ ಮೇಲೆ ಕೊಟ್ಟ ಸಹಿಯ ಬೆಲೆ ಎಷ್ಟಾಗಬಹುದೆಂದು ಇದರಿಂದ ಊಹಿಸಬಹುದು. ಫಲಿತಾಂಶದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿ ನಿಯಮಗಳಿಗೇ ವಿರುದ್ಧ.

ಗಳಿಸುವ ಶಕ್ತಿಯ ನಷ್ಟ ಮತ್ತು ವೈದ್ಯರು ಬರೆದ ಅಂಗವಿಕಲತೆಯ ಪ್ರಮಾಣ ಒಂದೇ ಅಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಒಂದು ದೃಷ್ಟಾಂತದೊಡನೆ ವಿವರಿಸಿತು: ಎಡಗೈ ಕಳೆದುಕೊಂಡ ಗುಮಾಸ್ತ ತನ್ನ ಕೆಲಸದಲ್ಲಿ ಮುಂದುವರಿಯಬಹುದು, ಚಾಲಕನೋ ಬಡಗಿಯೋ ಆಗಿದ್ದರೆ ಆತನ ಸಂಪಾದನೆ ಹೆಚ್ಚು ಕಡಿಮೆ ಪೂರ್ತಿಯಾಗಿಯೇ ನಿಂತುಹೋಗಬಹುದು. ದಿನಕ್ಕೆ ಹತ್ತು ಗಂಟೆ ಒಲೆಯ ಮುಂದೆ ನಿಲ್ಲುವವನಿಗೆ ಕಾಲು ಎಂದರೇನು ಎಂಬುದನ್ನು ನ್ಯಾಯಾಧಿಕರಣದ ಮುಂದೆ ಬಿಡಿಸಿ ಹೇಳಬೇಕಾಗುತ್ತದೆ.

ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಇದರ ದೂರವಾಣಿ ಸಂಖ್ಯೆ 15100.

ಮನಸ್ಸಿನ ಗಾಯ

ಅಪಘಾತದ ನಂತರದ ಮೊದಲ ವಾರಗಳಲ್ಲಿ ನಿದ್ರೆ ಬಾರದಿರುವುದು, ಡಿಕ್ಕಿಯ ಕ್ಷಣ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಹಾರ್ನಿನ ಸದ್ದಿಗೆ ಮೈ ನಡುಗುವುದು, ರಸ್ತೆ ದಾಟಲು ಅಂಜುವುದು, ಸಣ್ಣ ಮಾತಿಗೂ ಸಿಟ್ಟು ಬರುವುದು ಸಾಮಾನ್ಯ. ಇದು ಹೇಡಿತನವೂ ಅಲ್ಲ, ಹುಚ್ಚೂ ಅಲ್ಲ. ಹೆಚ್ಚಿನವರಲ್ಲಿ ಇವು ದಿನ ಕಳೆದಂತೆ ತಾವಾಗಿಯೇ ಇಳಿಯುತ್ತವೆ. ಒಂದು ತಿಂಗಳು ಮೀರಿದರೂ ಇಳಿಯದಿದ್ದರೆ, ಅಥವಾ ದಿನದ ವ್ಯವಹಾರವೇ ಕೆಟ್ಟರೆ, ಮನೋವೈದ್ಯರ ಸಲಹೆ ಪಡೆಯಬೇಕು. ಮಾತಿನ ಮೂಲಕ ನಡೆಸುವ ಚಿಕಿತ್ಸೆಯಿಂದಲೂ ಅಗತ್ಯವಿದ್ದಲ್ಲಿ ಔಷಧಿಯಿಂದಲೂ ಈ ಸ್ಥಿತಿ ಸುಧಾರಿಸುತ್ತದೆ. ವೈದ್ಯರು ಬರೆದುಕೊಡದ ನಿದ್ರೆಯ ಗುಳಿಗೆ ಮತ್ತು ಮದ್ಯ ಎರಡೂ ಮೊದಲ ರಾತ್ರಿ ಉಪಕಾರ ಮಾಡಿದಂತೆ ತೋರಿ, ಆಮೇಲೆ ತಾವೇ ಒಂದು ಕಾಯಿಲೆಯಾಗಿ ನಿಲ್ಲುತ್ತವೆ.

ತಲೆಗೆ ಪೆಟ್ಟು ಬಿದ್ದವರ ವಿಷಯ ಪ್ರತ್ಯೇಕ. ಮೊದಲು ಶಾಂತ ಸ್ವಭಾವದವನಾಗಿದ್ದವನು ರೇಗುವುದು, ಮರೆಯುವುದು, ಮಂಕಾಗಿ ಕೂರುವುದು ಮಿದುಳಿನ ಪೆಟ್ಟಿನ ಪರಿಣಾಮವಾಗಿರಬಹುದು. ಮನೆಯವರು ಇದನ್ನು ಸೊಕ್ಕು ಅಥವಾ ಸೋಮಾರಿತನವೆಂದು ತಿಳಿದು ಜಗಳವಾಡುವುದುಂಟು. ನರರೋಗ ತಜ್ಞರಿಗೆ ತೋರಿಸಿದ ಮೇಲೆ ಎಷ್ಟೋ ಮನೆಗಳಲ್ಲಿ ಇಂಥ ಜಗಳ ನಿಲ್ಲುತ್ತದೆ.

ಸಂತೈಸಲು ಬಂದವರು "ಜೀವ ಉಳಿದದ್ದೇ ದೊಡ್ಡದು, ಕಾಲು ಹೋದರೇನು" ಎನ್ನುತ್ತಾರೆ. ಮಾತಿನ ಉದ್ದೇಶ ಒಳ್ಳೆಯದು. ಆದರೆ ಅದನ್ನು ಕೇಳಿದವನಿಗೆ ತನ್ನ ದುಃಖ ಹೇಳಿಕೊಳ್ಳುವ ಹಕ್ಕೇ ಇಲ್ಲವೆನಿಸಿ ಬಾಯಿ ಕಟ್ಟುತ್ತದೆ. ಗ್ರಹಚಾರದ ಮಾತೂ ಹಾಗೆಯೇ. ಉಪದೇಶ ಮಾಡದೆ ಹತ್ತು ನಿಮಿಷ ಕೇಳುವವರು ಒಬ್ಬರಿದ್ದರೆ ಸಾಕಾಗುತ್ತದೆ. ಸಂಪಾದಿಸುತ್ತಿದ್ದ ಗಂಡಸಿಗೆ ಹೆಂಡತಿಯ ಕೈಯಿಂದ ಸ್ನಾನ ಮಾಡಿಸಿಕೊಳ್ಳುವುದು ಎಷ್ಟು ನಾಚಿಕೆಯ ಸಂಗತಿಯೆಂಬುದು ಹೊರಗಿನವರಿಗೆ ಹೊಳೆಯುವುದಿಲ್ಲ. ಶುಶ್ರೂಷೆ ಮಾಡುವ ಹೆಂಡತಿಯನ್ನಂತೂ ಯಾರೂ ವಿಚಾರಿಸುವುದಿಲ್ಲ. ವಾರಕ್ಕೆ ಅರ್ಧ ದಿನವಾದರೂ ಆಕೆಯ ಕೆಲಸವನ್ನು ಬಂಧುಗಳು ಹೊತ್ತುಕೊಳ್ಳಬೇಕು. "ನಾನು ಎಲ್ಲರಿಗೂ ಹೊರೆ" ಎಂಬ ಮಾತು ಗಾಯಾಳುವಿನ ಬಾಯಿಂದ ಬಂದರೆ ಅದನ್ನು ತೇಲಿಸಿಬಿಡದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬಹುದು. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ.

ಊರು ಬಿಟ್ಟು ಬಂದವರಿಗೆ ನೋವನ್ನು ಪರಭಾಷೆಯಲ್ಲಿ ಹೇಳಿಕೊಳ್ಳುವುದು ಕಷ್ಟ. ವ್ಯವಹಾರದ ಮಟ್ಟಿಗೆ ಮರಾಠಿಯೋ ತಮಿಳೋ ಹಿಂದಿಯೋ ಬಂದರೂ ಅಳುವ ಭಾಷೆ ಕನ್ನಡವೇ ಆಗಿರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೇಶದ ಯಾವ ಭಾಗದಿಂದಲಾದರೂ, ಹಗಲು ರಾತ್ರಿಯೆನ್ನದೆ, ಉಚಿತವಾಗಿ ಕರೆ ಮಾಡಬಹುದು. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದ್ದು, ಕನ್ನಡವೂ ಅವುಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಈ ಸೇವೆಯ ಪ್ರಧಾನ ಕೇಂದ್ರ. ಮನೋವೈದ್ಯರಲ್ಲಿಗೆ ಹೋದ ಚೀಟಿಗಳನ್ನೂ ರಶೀದಿಗಳನ್ನೂ ಮುಚ್ಚಿಡದೆ ದಾವೆಯ ಕಡತದಲ್ಲಿಯೇ ಸೇರಿಸಬೇಕು. ಅದೂ ಚಿಕಿತ್ಸೆಯ ವೆಚ್ಚವೇ.

ಹಣ ಕೈಸೇರಿದ ಮೇಲೆ

ಪರಿಹಾರ ಬರುವುದು ತಡವಾಗಬಹುದು. ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿ ಕೊಡಿಸಲು ನ್ಯಾಯಾಧಿಕರಣಕ್ಕೆ ಅಧಿಕಾರವಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೊತ್ತದ ಮೇಲೆ ಮೇಲ್ಮನವಿಯಿಲ್ಲ. ಮೇಲಿನ ಲೆಕ್ಕವನ್ನು ಮೊದಲೇ ಮನೆಯಲ್ಲಿ ಹಾಕಿಕೊಂಡು ಹೋದವರು ಅಲ್ಲಿ ಗಲಿಬಿಲಿಗೊಳ್ಳುವುದಿಲ್ಲ.

ದೊಡ್ಡ ಮೊತ್ತ ಒಮ್ಮೆಗೇ ಬಂದಾಗ ಸಾಲ ಕೇಳುವ ಬಂಧುಗಳೂ ಒಮ್ಮೆಗೇ ಬರುತ್ತಾರೆ. ವಿಧವೆಯರ, ಅಪ್ರಾಪ್ತ ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇರಿಸಬೇಕೆಂದು ನ್ಯಾಯಾಧಿಕರಣಗಳು ಆದೇಶಿಸುವುದು ಇದೇ ಕಾರಣಕ್ಕಾಗಿ. ಅಡುಗೆಯವನ ಮನೆಯಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದುದು ಅಡವಿಟ್ಟ ಬಳೆಗಳನ್ನು, ಅನಂತರ ಹೆಚ್ಚು ಬಡ್ಡಿಯ ಸಾಲವನ್ನು. ಭಾವಮೈದುನನ ಕೈಸಾಲ ನೋಟು ಪುಸ್ತಕದ ಎರಡನೆಯ ಪುಟದಲ್ಲಿದೆ. ಅದರ ವಿಷಯವನ್ನು ಆತನೊಡನೆ ಮಾತನಾಡಿ ಗೊತ್ತುಮಾಡಿಕೊಳ್ಳಬಹುದು. ಉಳಿದುದನ್ನು ಠೇವಣಿಯಲ್ಲಿಟ್ಟರೆ ಅದರ ಬಡ್ಡಿಯಿಂದ ಮನೆಬಾಡಿಗೆಯ ಒಂದು ಭಾಗವಾದರೂ ಸಲ್ಲುತ್ತದೆ, ಆತ ಕುಳಿತು ಮಾಡುವ ಕೆಲಸವೊಂದನ್ನು ಕಲಿಯುವವರೆಗೆ.