ಹಳೇ ಲ್ಯಾಪ್‌ಟಾಪಿನಲ್ಲೊಂದು ಪುಟ್ಟ ಸರ್ವರ್

ಮೂಲೆ ಸೇರಿದ ಲ್ಯಾಪ್‌ಟಾಪಿನಲ್ಲಿ ಮನೆಮಂದಿ, ಗೆಳೆಯರಿಗಾಗಿ ಸೋಶಿಯಲ್ ಮೀಡಿಯಾ ಸರ್ವರ್ ನಡೆಸುವ ಆಸೆಯೇ? ಖಂಡಿತ ಶುರುಮಾಡಿ. ಇದಕ್ಕಿರುವ ತಂತ್ರಾಂಶಗಳಲ್ಲಿ ಮಾಸ್ಟಡಾನ್ ಹೆಸರುವಾಸಿ, ನಿಜ. ಆದರೆ ಪೋಸ್ಟ್‌ಗ್ರೆಸ್, ರೆಡಿಸ್, ಸೈಡ್‌ಕಿಕ್ ಎಂಬ ಸಹಾಯಕ ತಂತ್ರಾಂಶಗಳೆಲ್ಲವನ್ನೂ ಬೇಡುವ ಅದು 2 ಜಿಬಿ ರ‍್ಯಾಮಿನ ಯಂತ್ರಕ್ಕೆ ಭಾರ. ನಾಲ್ಕೈದು ಜನಕ್ಕೆ ಗೋಟುಸೋಶಿಯಲ್ ಎಂಬ ಹಗುರ ತಂತ್ರಾಂಶ ಧಾರಾಳ ಸಾಕು. ಎರಡೂ ಸರ್ವರ್‌ಗಳ ನಡುವಿನ ಮಾತುಕತೆಗೆ ಆಕ್ಟಿವಿಟಿಪಬ್ ಎಂಬ ಒಂದೇ ನಿಯಮಾವಳಿ ಬಳಸುವುದರಿಂದ ಮಾಸ್ಟಡಾನಿನ ಗೆಳೆಯರು ದೂರವಾಗುವುದಿಲ್ಲ.

ಡೊಮೇನ್ ಹೆಸರನ್ನು ಮಾತ್ರ ಯೋಚಿಸಿ ಆರಿಸಿ. ಆಮೇಲೆ ಬದಲಿಸಿದರೆ ಹೊರಗಿನ ಸರ್ವರ್‌ಗಳಿಗೆ ನಿಮ್ಮ ಗುರುತೇ ಸಿಗದು. ಹೊರಗಿನವರು ಸರ್ವರನ್ನು ನೇರವಾಗಿ ತಲುಪಲು ಪಬ್ಲಿಕ್ ಐಪಿಯೂ ಬೇಕು. ರೂಟರಿನ ವ್ಯಾನ್ (ಇಂಟರ್ನೆಟ್ ಬದಿಯ) ವಿಳಾಸ 100.64ರಿಂದ 100.127ರೊಳಗಿದ್ದರೆ ನಿಮಗೆ ಪ್ರತ್ಯೇಕ ಪಬ್ಲಿಕ್ ಐಪಿ ಇಲ್ಲವೆಂದೇ ಅರ್ಥ. ಇಂಟರ್ನೆಟ್ ಕಂಪನಿಯನ್ನು ಕೇಳಿ ಪಡೆಯಿರಿ, ಇಲ್ಲವೇ ಟನಲ್ ಹಾಕಿ.

ಬ್ಯಾಕಪ್ಪನ್ನು ಬೇರೆ ಡಿಸ್ಕಿನಲ್ಲಿಡಿ. ನಿಮ್ಮನ್ನು ನಂಬಿದವರ ಮಾತು, ಫೋಟೋಗಳು ಸರ್ವರಿನಲ್ಲಿವೆ. ಹಾಂ, ಟಚ್‌ಪ್ಯಾಡ್ ಮೇಲೆದ್ದಿದೆಯೇ ನೋಡಿ. ಎದ್ದಿದ್ದರೆ ಬ್ಯಾಟರಿ ಉಬ್ಬಿರುತ್ತದೆ. ತೆಗೆಸದೆ ಸ್ವಿಚ್ ಹಾಕಬೇಡಿ.