ಕಪ್ಪುಕುಳಿ ನುಂಗುವುದಷ್ಟೇ ಅಲ್ಲ

ಕಾಮರ್ಸ್‌ನವರು ವಿಜ್ಞಾನ ಬರೆಯಬಾರದು ಎಂದು ಎಲ್ಲೂ ಇಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕ್ವಿಜ್‌ನಲ್ಲಿ ಕಪ್ಪುಕುಳಿ ಏನು ಮಾಡುತ್ತದೆ ಎಂದು ಕೇಳಿದಾಗ "ಎಲ್ಲವನ್ನೂ ನುಂಗುತ್ತದೆ" ಎಂದೆ. ಒಂದು ಅಂಕ ಸಿಕ್ಕಿತು. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದಾಗ ನನಗೆ ಅರ್ಧ ಅಂಕವೇ ಹೆಚ್ಚು ಅನ್ನಿಸಿತು.

ಗಡಿ ದಾಟಿ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ನಿಜ. ಆದರೆ ಅನಿಲ ನೇರವಾಗಿ ಬೀಳುವುದಿಲ್ಲ. ತಟ್ಟೆಯ ಆಕಾರದಲ್ಲಿ ಸುತ್ತುತ್ತಾ ಕಾಯುತ್ತದೆ. ಗಡಿ ಮುಟ್ಟುವ ಮೊದಲೇ ಅದರ ಒಂದು ಪಾಲು ಗಾಳಿಯಾಗಿಯೋ ಕಿರಿದಾದ ಚಿಲುಮೆಯಾಗಿಯೋ ಹೊರಗೆ ಚಿಮ್ಮುತ್ತದೆ.

ಅದರಿಂದ ಗ್ಯಾಲಕ್ಸಿಗೆ ಏನಾಗುತ್ತದೆ? ಹಾಲು ಕುದಿಯುತ್ತಿರುವಾಗ ಜಾಮನ್, ಅಂದರೆ ಹೆಪ್ಪು, ಹಾಕಲು ನಮ್ಮ ಅಮ್ಮಿ ಬಿಡುವುದಿಲ್ಲ. ಉಗುರುಬೆಚ್ಚಗಾಗಬೇಕು. ಅನಿಲವೂ ಹಾಗೆಯೇ, ತಣಿದರೆ ಮಾತ್ರ ಒಟ್ಟುಗೂಡಿ ನಕ್ಷತ್ರವಾಗುತ್ತದೆ.

ಪರ್ಸಿಯಸ್ ಗ್ಯಾಲಕ್ಸಿ ಗುಚ್ಛ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ನಡುವಿನ ಅನಿಲ ಕೋಟಿಗಟ್ಟಲೆ ಡಿಗ್ರಿ ಬಿಸಿ. ಎಕ್ಸ್‌-ರೇ ಸೂಸುತ್ತಾ ಅದು ತಣಿಯಬೇಕು. ಲೆಕ್ಕದ ಪ್ರಕಾರ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ತಣಿದು ನಕ್ಷತ್ರಗಳಿಗೆ ಒದಗಬೇಕು. ಹುಟ್ಟುತ್ತಿರುವುದು ಬಹಳ ಕಡಿಮೆ. ಲೆಕ್ಕ ಟ್ಯಾಲಿ ಆಗಲಿಲ್ಲ! (ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಹೀಗಾದರೆ ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಸುಮ್ಮನಾಗುತ್ತೇವೆ.) ವಿಜ್ಞಾನಿ ಚಂದ್ರಶೇಖರ್ ಅವರ ಹೆಸರಿನ ಚಂದ್ರಾ ಎಕ್ಸ್‌-ರೇ ದೂರದರ್ಶಕ ತೆಗೆದ ಚಿತ್ರಗಳಲ್ಲಿ, ಕಪ್ಪುಕುಳಿಯ ಚಿಲುಮೆಗಳು ಆ ಅನಿಲದಲ್ಲಿ ಊದಿದ ದೊಡ್ಡ ಗುಳ್ಳೆಗಳು ಕಂಡವು. 2003ರಲ್ಲಿ ಕೇಂಬ್ರಿಜ್‌ನ ಆ್ಯಂಡ್ರ್ಯೂ ಫೇಬಿಯನ್ ಅವರ ತಂಡ ಅಲ್ಲಿಂದ ಹರಡುವ ಶಬ್ದದ ಅಲೆಗಳನ್ನೂ ಗುರುತಿಸಿತು. ಒಂದು ಅಲೆಯ ಹಿಂದೆ ಇನ್ನೊಂದು ಬರಲು 96 ಲಕ್ಷ ವರ್ಷ. ಅದನ್ನು ಕೇಳುವ ಕಿವಿ ಯಾರಿಗಿದೆ! ಈ ಗುಳ್ಳೆ, ಅಲೆ, ಕಲಕಾಟಗಳೇ ಅನಿಲವನ್ನು ತಣಿಯಲು ಬಿಡುತ್ತಿಲ್ಲ ಎನ್ನುವುದು ಈಗಿನ ವಿವರಣೆ.

ಅನಿಲ ತಣಿದರೆ ಕಪ್ಪುಕುಳಿಗೆ ಆಹಾರ ಸಿಗುತ್ತದೆ, ಅದು ಕೆರಳಿ ಸುತ್ತಲೂ ಬಿಸಿ ಮಾಡುತ್ತದೆ. ಬಿಸಿಯಾದರೆ ಆಹಾರ ಕಡಿಮೆಯಾಗಿ ತಾನೇ ತಣ್ಣಗಾಗುತ್ತದೆ. ಹಣದುಬ್ಬರ ಏರಿದಾಗ ರಿಸರ್ವ್ ಬ್ಯಾಂಕ್ ರೆಪೊ ದರ ಏರಿಸುವ ಪಾಠ ನನಗೆ ನೆನಪಾಯಿತು. ಇಲ್ಲಿ ಗವರ್ನರ್ ಇಲ್ಲ, ಅಷ್ಟೇ.

ಮಾರ್ಕೇರಿಯನ್ 231 ಎಂಬ ಗ್ಯಾಲಕ್ಸಿಯ ಕಥೆ ಬೇರೆ. ಅಲ್ಲಿ ಗಾಳಿ ತಣ್ಣನೆಯ ಅನಿಲವನ್ನೇ ಹೊರಗೆ ತಳ್ಳುತ್ತಿದೆ. ವರ್ಷಕ್ಕೆ ಸುಮಾರು 700 ಸೂರ್ಯರಷ್ಟು ಎಂದು 2010ರಲ್ಲಿ ಅಂದಾಜು ಮಾಡಿದರು. ಹೀಗೇ ನಡೆದರೆ ಸುಮಾರು ಒಂದು ಕೋಟಿ ವರ್ಷದಲ್ಲಿ ಬಂಡವಾಳ ಖಾಲಿ, ಹೊಸ ನಕ್ಷತ್ರಗಳೂ ಬಂದ್.

ನಮ್ಮ ಕ್ಷೀರಪಥದ ನಡುವೆಯೂ 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ. ಸದ್ಯಕ್ಕೆ ಅದು ಬಹುಮಟ್ಟಿಗೆ ಸುಮ್ಮನಿದೆ.